ನನ್ನ ಮುಖ ಕಾಣುವವರೆಗೆ ಇಳಿಯಬೇಡ

ಶ್ರೀ

ಡೊಂಬಿವಲಿ ಪೂರ್ವ
ಭಾನುವಾರ, ೯ ಸೆಪ್ಟೆಂಬರ್ ೧೯೮೪

ಚಿ. ರತ್ನಾವತಿಗೆ ನಿನ್ನ ಸೋದರಮಾವ ಅಮೃತಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಿನ್ನ ಅತ್ತಿ ಕಲ್ಲವ್ವ ಕ್ಷೇಮ, ಹುಡುಗರು ಕ್ಷೇಮ, ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ಗ್ಯಾಲರಿಯಲ್ಲಿ ನೀನು ಊರಿಹೋದ ಮೆಣಸಿನ ಗಿಡವೂ ಕ್ಷೇಮ, ಹೂ ಬಿಟ್ಟಿದೆ. ನನ್ನ ಕ್ಷೇಮದ ವಿಚಾರ ಪತ್ರ ಮುಗಿಯುವಷ್ಟರಲ್ಲಿ ನಿನಗೇ ತಿಳಿಯುತ್ತದೆ.

ಈ ಪತ್ರವನ್ನು ನೀನು ಗಟ್ಟಿಯಾಗಿ ಓದುತ್ತೀ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಯಾರ ಪತ್ರ ಬಂದರೂ ಅದೇ ಪದ್ಧತಿ. ಮಗ್ಗ ನಿಲ್ಲಿಸಬೇಕು, ಪಡಸಾಲೆಯಲ್ಲಿ ಚಾಪೆ ಹಾಸಬೇಕು, ಅಕ್ಕ ಗೋಡೆಗೆ ಒರಗಿ ಕೂರಬೇಕು, ಬಾಗಿಲಲ್ಲಿ ಓಣಿಯ ನಾಲ್ಕು ಜನ ನಿಂತಿರಬೇಕು. ನನ್ನ ಪತ್ರ ಎಂದರೆ ಹೆಚ್ಚೇ ಸೇರುತ್ತಾರೆ ಎಂದು ಕೇಳಿದ್ದೇನೆ. ಮುಲ್ಕಿ ಪರೀಕ್ಷೆ ಪಾಸಾದವನ ಪತ್ರ ಎಂದರೆ ಸುಮ್ಮನೆ ಅಲ್ಲ! ಇರಲಿ. ರುದ್ರವ್ವಕ್ಕಾ, ನೀನೂ ಕೇಳು, ಇದು ನಿನಗೂ ಬರೆದದ್ದೇ.

ನೀನು ಸಾಲಿ ಮಾಸ್ತರರ ಕೈಯಿಂದ ಬರೆಸಿದ ಕಾರ್ಡು ಬಂತು. "ಹುಡುಗಿ ಊರಿಗೆ ಬಂದಾಗಿನಿಂದ ಟೈಪಿಂಗಿನ ಸರ್ಟಿಫಿಕೇಟು ಪೆಟ್ಟಿಗೆಯ ತಳಕ್ಕೆ ಹಾಕಿದ್ದಾಳೆ. ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಾ ಕೂರುತ್ತಾಳೆ. ನಿನ್ನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ತಮ್ಮಾ, ಏನು ಮಾಡಿದಿ ನೀನು ಆಕೆಗೆ?" ಎಂದು ಕೇಳಿಸಿದ್ದೀ. ಕಾರ್ಡಿನಲ್ಲಿ ಜಾಗ ಉಳಿದಿತ್ತು, ಆದರೂ ಮುಂದೆ ಏನೂ ಬರೆಸಿಲ್ಲ. ಆ ಖಾಲಿ ಜಾಗವನ್ನು ನೋಡುತ್ತ ಠಾಣಾದ ವಾಗ್ಳೆ ಎಸ್ಟೇಟಿನ ನಮ್ಮ ಸ್ಕ್ರೂ ಕಾರ್ಖಾನೆಯಲ್ಲಿ ಇಡೀ ಮಧ್ಯಾಹ್ನ ಕಳೆದೆ. ಬುತ್ತಿ ಬಿಚ್ಚಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ರತ್ನಾ, ಠಾಣಾದ ಆ ಔಷಧ ಕಂಪನಿಯವರು ನಿನಗೆ ಇನ್ನೊಂದು ಸಲ ಟೈಪಿಂಗ್ ಪರೀಕ್ಷೆ ಕೊಡಲು ಒಪ್ಪಿದ್ದಾರೆ. ಈ ತಿಂಗಳ ಇಪ್ಪತ್ತನಾಲ್ಕು, ಸೋಮವಾರ. ಇದು ಹೇಗಾಯಿತು ಎಂದರೆ, ನಾನೇ ಹೋಗಿ ಅವರ ಸಾಹೇಬರ ಮುಂದೆ ನಿಂತೆ. "ಹುಡುಗಿ ಅವತ್ತು ಯಾಕೆ ಬರಲಿಲ್ಲ?" ಎಂದು ಕೇಳಿದರು. ಜ್ವರ ಬಂದಿತ್ತು ಎಂದೆ. ಎಂಥ ಜ್ವರ ಎಂದರು. ನೋಡು, ನನ್ನ ಬಾಯಿ ಹೇಗಿದೆ ಎಂದರೆ, ಕೇಳಿದವರಿಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಕಳಿಸುತ್ತದೆ. ಚಳಿಜ್ವರದಿಂದ ಶುರುಮಾಡಿ ಕಾಮಾಲೆಯವರೆಗೆ ತಂದು, ಕೊನೆಗೆ ಸಾಹೇಬರೇ ಪಾಪ ಪಾಪ ಎಂದು ನೀರು ತರಿಸಿ ನನಗೇ ಕುಡಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ, ನಿನ್ನ ಹೆಸರಿಗೆ ಇನ್ನೊಂದು ಸುಳ್ಳು ಅಂಟಿಸಿದೆನಲ್ಲ ಎಂದು ನಾಚಿಕೆಯಾಯಿತು. ನಿನಗೆ ಅವತ್ತು ಯಾವ ಜ್ವರವೂ ಇರಲಿಲ್ಲ. ಅವತ್ತು ನಿನಗೆ ಇದ್ದ ಕಾಯಿಲೆ ನಿನ್ನ ಮಾವ.

ಅಕ್ಕನಿಗೆ ಪೂರ್ತಿ ಗೊತ್ತಿಲ್ಲವಾದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಅಕ್ಕಾ, ನಿನ್ನ ಮಗಳನ್ನು ಇಲ್ಲಿಗೆ ಕರೆಸಿಕೊಳ್ಳುವಾಗ ನಾನು ನಿನಗೆ ಏನೆಂದು ಮಾತು ಕೊಟ್ಟಿದ್ದೆ? "ಲೋಕಲ್ ಗಾಡಿ ಅಂದ್ರ ನನಗ ನಮ್ಮ ಹಿತ್ತಲ ಇದ್ದಂಗ. ಒಂದು ವಾರದಾಗ ಹುಡುಗಿನ್ನ ಬೊಂಬಾಯಿ ಹುಡುಗಿ ಮಾಡತೀನಿ" ಎಂದಿದ್ದೆ. ಇಲ್ಲಿಯೂ ಅದೇ ಜಂಬ. ಓಡುವ ಗಾಡಿಯನ್ನು ಹತ್ತುವುದರಲ್ಲಿ, ಬಾಗಿಲ ಸರಳಿಗೆ ಎರಡು ಬೆರಳು ಸಿಕ್ಕರೆ ಸಾಕು ಠಾಣಾ ಮುಟ್ಟುವುದರಲ್ಲಿ, ಡೊಂಬಿವಲಿಯಲ್ಲಿ ನನ್ನಂಥವನು ಇಲ್ಲ ಎಂದು ನಾನೇ ಹೇಳಿಕೊಂಡು ನಾನೇ ನಂಬಿದ್ದೆ. ನಮ್ಮ ಡಬ್ಬಾದಲ್ಲಿ ಭಜನಾ ಮಂಡಳಿ ಇದೆ, ನಾನು ತಾಳ ಹೊಡೆಯುವವನು. ನಮ್ಮ ಕಾರ್ಖಾನೆಯ ಸೈದಪ್ಪ ಏಕತಾರಿಯವನು. ನಾನು ಹತ್ತುವವರೆಗೆ ಭಜನೆ ಶುರುವಾಗುವುದಿಲ್ಲ ಎಂದು ರತ್ನಾಗೆ ಎಷ್ಟು ಸಲ ಹೇಳಿದ್ದೇನೋ.

ಹುಡುಗಿಗೆ ಗಾಡಿ ಕಲಿಸಲು ನಾನು ಭಾನುವಾರ ಆರಿಸಿಕೊಂಡೆ. ಭಾನುವಾರದ ಲೋಕಲ್ ಎಂದರೆ ಮದುವೆ ಮುಗಿದ ಮಂಟಪ, ಬೇಕಾದಲ್ಲಿ ಕೂರಬಹುದು. ಇಬ್ಬರೂ ಕಿಟಕಿ ಪಕ್ಕ ಎದುರುಬದುರು ಕೂತು ಹೋದೆವು. ದಿವಾ ಬಂತು, ಮುಂಬ್ರಾದ ಗುಡ್ಡ ಬಂತು, ಕಳವಾ ದಾಟಿ ಖಾಡಿ ನೀರಿನ ಮೇಲಿನ ಪೂಲು ಬಂತು, ಠಾಣಾದಲ್ಲಿ ಇಳಿದೆವು. ಬೋರ್ಡು ಓದುವುದನ್ನು ನಾನು ಕಲಿಸಲಿಲ್ಲ. ಬದಲಿಗೆ ನನ್ನ ಪರಾಕ್ರಮದ ಕಥೆಗಳನ್ನು ಹೇಳಿದೆ. ಆಕೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಬರುವಾಗ ಬಟಾಟೆವಡೆ ತಿಂದೆವು. "ಗಾಡಿ ಹತ್ತೋದು ಇಳಿಯೋದು ಅಂದ್ರ ಇಷ್ಟೇನ ಮಾಮಾ?" ಎಂದಳು. "ಇಷ್ಟ ನೋಡು!" ಎಂದೆ.

ಮರುದಿನ ಸೋಮವಾರ, ಪರೀಕ್ಷೆಯ ದಿನ. ಕಲ್ಲವ್ವ ರೊಟ್ಟಿ ಬಡಿಯುತ್ತಾ ಹೇಳಿದಳು: "ಇವತ್ತ ಗದ್ದಲ ಇರತೈತಿ. ಹಿಂದಕ್ಕ ಕಲ್ಯಾಣಕ್ಕ ಹೋಗ್ರಿ. ಅಲ್ಲಿ ಖಾಲಿ ಗಾಡಿ ಬಿಡತಾರ, ಕುಂತು ಬರ್ರಿ. ಅರ್ಧ ಡೊಂಬಿವಲಿ ಹಂಗ ಮಾಡತೈತಿ." ನಾನೇನು ಹೇಳಿದೆ ಎಂದು ರತ್ನಾಗೆ ನೆನಪಿರುತ್ತದೆ. "ಮುಂದಕ್ಕ ಹೋಗಾಕ ಹಿಂದಕ್ಕ ಹೋಗೋದು ಅಂಜುಬುರುಕರ ಕೆಲಸ. ಅಮೃತಪ್ಪನ ಸೊಸಿ ಡೊಂಬಿವಲಿಯಾಗ ಹತ್ತತಾಳ, ಠಾಣಾದಾಗ ಇಳೀತಾಳ" ಎಂದೆ. ಕಲ್ಲವ್ವ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು.

ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ನನ್ನ ಅಂಗಿಯ ತೋಳು ಹಿಡಿದಿದ್ದಳು. ನಾನು ಆಕೆಯನ್ನು ಲೇಡೀಸ್ ಡಬ್ಬಾ ಬರುವ ಜಾಗದಲ್ಲಿ ನಿಲ್ಲಿಸಿ ಪಾಠ ಹೇಳಿದೆ. ಇದೇ ನಾನು ಹೇಳಿದ ಪಾಠ, ಅಕ್ಕಾ, ಒಂದು ಅಕ್ಷರ ಬಿಡದೆ ಬರೆಯುತ್ತೇನೆ: "ನಾನು ಬಾಜೂ ಡಬ್ಬಾದಾಗ ಇರತೀನಿ. ಠಾಣಾ ಬಂದಕೂಡ್ಲೆ ಹಾರಿ ಬಂದು ನಿನ್ನ ಬಾಗಲ ಮುಂದ ನಿಂದರತೀನಿ. ನನ್ನ ಮಾರಿ ಕಾಣೋತನಕ ಇಳೀಬ್ಯಾಡ. ಯಾರು ಏನಂದ್ರೂ ಇಳೀಬ್ಯಾಡ. ನನ್ನ ಮಾರಿ ಕಂಡ್ರ ಇಳಿ."

ಗಾಡಿ ಬಂತು. ಒಳಗಿನಿಂದ ಒಬ್ಬ ಮರಾಠಿ ಹೆಂಗಸು "ಯೇ ಗ, ಆತ್ ಯೇ" ಎಂದು ಈಕೆಯ ರಟ್ಟೆ ಹಿಡಿದು ಎಳೆದುಕೊಂಡಳು. ಗಾಡಿ ಹೊರಟಿತು. ನಾನು ಅದರಲ್ಲಿ ಇರಲಿಲ್ಲ.

ಮುಂದಿನದು ನನಗೆ ಗೊತ್ತಾದದ್ದು ಅವತ್ತು ಹುಡುಗಿಯನ್ನು ಮನೆಗೆ ತಂದು ಮುಟ್ಟಿಸಿದ ಉಡುಪಿಯ ವೇದಾವತಿಯವರ ಬಾಯಿಂದ. ಠಾಣಾ ಬಂತಂತೆ. ರತ್ನಾ ಬಾಗಿಲ ಹತ್ತಿರವೇ ಇದ್ದಳಂತೆ. ಕತ್ತು ಚಾಚಿ ನನ್ನ ಮುಖ ಹುಡುಕಿದಳಂತೆ. ಹೆಂಗಸರು "ಠಾಣೆ, ಠಾಣೆ, ಉತರ್" ಎಂದರೂ ಇಳಿಯಲಿಲ್ಲ. ಮಾವ ಯಾರು ಏನಂದರೂ ಇಳಿಯಬೇಡ ಎಂದಿದ್ದನಲ್ಲ. ಆಮೇಲೆ ಬಂದ ಪ್ರತಿ ಸ್ಟೇಷನ್ನಿನಲ್ಲೂ ಹಾಗೆಯೇ ಹುಡುಕಿದಳಂತೆ. ಗಾಡಿ ಕುರ್ಲಾಕ್ಕೆ ಹೋಗಿ ನಿಂತಿತು, ಅದರ ಹಾದಿ ಅಲ್ಲಿಗೇ ಮುಗಿದಿತ್ತು. ಡಬ್ಬಾ ಖಾಲಿಯಾಯಿತು. ಈಕೆ ಸರಳು ಹಿಡಿದು ಹಾಗೆಯೇ ನಿಂತಿದ್ದಳಂತೆ, ಇಳಿ ಎಂದು ಪೊಲೀಸನೊಬ್ಬ ಗದರಿಸುವವರೆಗೆ.

ಸ್ಟೇಷನ್ನಿನ ಹೊರಗೆ ಒಂದು ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮೇಲೆ ಕನ್ನಡ ಪೇಪರು ಕಂಡಿತಂತೆ. ಅಷ್ಟನ್ನೇ ನಂಬಿ ಒಳಗೆ ಹೋಗಿದ್ದಾಳೆ. ಪುಣ್ಯ, ಅದು ವೇದಾವತಿಯವರ ಗಂಡನ ಹೋಟೆಲು. ಆ ತಾಯಿ ಈಕೆಯನ್ನು ಒಳಗೆ ಕೂರಿಸಿ, "ಅಳ್ಬೇಡ ಮಾರಾಯ್ತಿ. ಮೊದ್ಲು ಎರಡು ಇಡ್ಲಿ ತಿನ್ನು, ಮತ್ತೆ ಬೇಕಾದ್ರೆ ಒಟ್ಟಿಗೆ ಅಳುವಾ" ಎಂದರಂತೆ. ಪರೀಕ್ಷೆಯ ಹೊತ್ತು ಅಷ್ಟರಲ್ಲಿ ದಾಟಿಹೋಗಿತ್ತು. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ ತಾವೇ ಕರೆದುಕೊಂಡು ಡೊಂಬಿವಲಿಗೆ ಬಂದರು.

ಈಗ ಸಂಜೆಯ ವಿಚಾರ. ಇದನ್ನು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಚಾಳಿನ ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಬಾಗಿಲಲ್ಲಿದ್ದರು. ಹುಡುಗಿ ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಕಂಡು ನಿಂತಳು. ಆಗ ನಾನು ಏನು ಮಾಡಬೇಕಿತ್ತು? ಯಾರಿಗಾದರೂ ಗೊತ್ತಾಗುವ ಮಾತು. ನಾನು ನಕ್ಕೆ. ಚಪ್ಪಾಳೆ ತಟ್ಟಿ ನಕ್ಕೆ. "ಪರೀಕ್ಷಾ ಮಾಡಿದ್ನಿ! ಮಾವ ಇಲ್ಲಾಂದ್ರ ಇಳೀತಾಳೋ ಇಲ್ಲೋ ನೋಡೂಣಂತ ಬೇಕಂತ ಹಿಂದ ಉಳಿದ್ನಿ, ಚಾ ಕುಡದು ನಕ್ಕೋತ ಕುಂತಿದ್ನಿ. ಹುಡುಗಿ ನಪಾಸಾತು!" ಎಂದೆ. ಒಂದಿಬ್ಬರು ನಕ್ಕರು ಕೂಡ. ಕಲ್ಲವ್ವ ನಗಲಿಲ್ಲ. ವೇದಾವತಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಂತ ಮಾರಾಯ್ರೆ ನೀವು? ಮುಖ ನೋಡಿ ಇಳಿ ಅಂತ ಹೇಳ್ತಾರಾ? ನಿಮ್ಮ ಮುಖ ಎಂತ, ಸ್ಟೇಷನ್ನಿನ ಬೋರ್ಡಾ?" ಎಂದರು. ಚಾಳೆಲ್ಲ ಆಗ ನಿಜವಾಗಿ ನಕ್ಕಿತು.

ರತ್ನಾ ಅಳಲಿಲ್ಲ, ಬೈಯಲಿಲ್ಲ. "ಮಾಮಾ, ನಾ ಎಲ್ಲಾ ಸ್ಟೇಷನ್ನಿನಾಗೂ ನಿಮ್ಮ ಮಾರಿ ಹುಡುಕಿದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಎರಡು ದಿನದ ಮೇಲೆ ಊರಿಗೆ ಹೊರಟಿದ್ದ ಕಲ್ಲವ್ವನ ತಮ್ಮನ ಸಂಗಡ ಹೊರಟುಹೋದಳು. ಕಲ್ಯಾಣದವರೆಗೆ ಬಿಡಲು ಬಂದ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಆದರೆ ಕಣ್ಣೆತ್ತಿ ನೋಡಲಿಲ್ಲ. ಆ ನಮಸ್ಕಾರದ ಬದಲು ಎರಡೇಟು ಹಾಕಿದ್ದರೆ ನನಗೆ ಇವತ್ತು ನಿದ್ದೆ ಬರುತ್ತಿತ್ತು.

ಅಕ್ಕಾ, ನೀನು ಕೇಳಿದ ಪ್ರಶ್ನೆಗೆ ಇದು ಉತ್ತರ. ಪರೀಕ್ಷೆ ಮಾಡಿದ್ದು ನನ್ನ ತಪ್ಪು. ಹೆತ್ತವರ ಮನೆ ಬಿಟ್ಟು ನನ್ನ ತೋಳು ಹಿಡಿದು ಬಂದ ಹುಡುಗಿಯನ್ನು ಪರೀಕ್ಷಿಸುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ನಿಮ್ಮಿಬ್ಬರ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳುತ್ತೇನೆ.

ಹೋದ ವಾರ ನಾನು ಕುರ್ಲಾಕ್ಕೆ ಹೋಗಿ ವೇದಾವತಿಯವರನ್ನು ಕಂಡು ಬಂದೆ. ಉಪಕಾರ ಸ್ಮರಣೆಗೆ ಒಂದು ಕುಪ್ಪಸದ ಖಣ ಕೊಟ್ಟೆ, ನಮ್ಮ ಗುಳೇದಗುಡ್ಡದ್ದು. ತೆಗೆದುಕೊಂಡರು, ಆದರೆ ಬೈಗುಳದಲ್ಲಿ ಏನೂ ಕಡಿಮೆ ಮಾಡಲಿಲ್ಲ. ರತ್ನಾ, ಗಾಡಿಯಲ್ಲಿ ಬರುವಾಗ ನಿನಗೆ ಏನೇನು ಕಲಿಸಿದ್ದರೋ ಅದನ್ನು ನನಗೂ ಕಲಿಸಿದರು. ಹತ್ತುವ ಮೊದಲು ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಬೇಕಂತೆ. ಒಂದು ಸ್ಟೇಷನ್ ಮುಂಚೆಯೇ ಬಾಗಿಲ ಕಡೆ ಸರಿದು, ಮುಂದಿನವಳಿಗೆ "ಠಾಣಾ ಉತರನಾ ಹೈ ಕ್ಯಾ?" ಎಂದು, ಇಳಿಯುತ್ತಾಳೋ ಇಲ್ಲವೋ ಕೇಳಬೇಕಂತೆ. ಹೌದೆಂದರೆ ಅವಳ ಬೆನ್ನಿಗೆ, ಇಲ್ಲವೆಂದರೆ ಅವಳನ್ನು ದಾಟಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕಾಲು ಕೆಳಗಿಡಬಾರದು. ಮುಂದೆ ಹೋಗಿಬಿಟ್ಟರೆ ಹೆದರಬಾರದು, ಮುಂದಿನದರಲ್ಲಿ ಇಳಿದು ಎದುರಿನ ಪ್ಲಾಟ್‌ಫಾರ್ಮಿಗೆ ಸೇತುವೆ ಹತ್ತಿ ಹೋಗಬೇಕು, ಹಳಿ ದಾಟಬಾರದು. ನಿಮ್ಮ ಸೊಸೆ ಒಂದೇ ಸಲಕ್ಕೆ ಕಲಿತಳು ಎಂದರು. ಮುಂಬ್ರಾ ದಾಟಿದ ಮೇಲೆ ಪ್ರತಿ ಬೋರ್ಡನ್ನೂ ನೀನೇ ಮೊದಲು ಓದಿ ಹೇಳಿದೆಯಂತೆ. ಹಿಂದಿ ಪರೀಕ್ಷೆ ಪಾಸಾದವಳು ನೀನು, ಓದಲಿಕ್ಕೆ ಬರುತ್ತಿತ್ತು. ಓದು ಎಂದು ಹೇಳುವವನೇ ಇರಲಿಲ್ಲ.

ಆದ್ದರಿಂದ ಈಗ ಹೇಳುತ್ತೇನೆ ಕೇಳು. ನೀನು ಬಾ. ಯಾರನ್ನೂ ಜೊತೆಗೆ ಕರೆಯಬೇಡ. ಅಕ್ಕಾ, ಸಿಟ್ಟಾಗಬೇಡ, ಪೂರ್ತಿ ಕೇಳು. ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಾ ಹತ್ತು. ಸೊಲ್ಲಾಪುರದಲ್ಲಿ ಸಣ್ಣ ಹಳಿಯ ಗಾಡಿ ಮುಗಿಯುತ್ತದೆ, ಅಲ್ಲಿ ಇಳಿದು ಬೊಂಬಾಯಿಯ ದೊಡ್ಡ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಟಿಕೆಟ್ ಖಿಡಕಿಯಲ್ಲಿ ಕೇಳು. ಕೂಲಿಗಳನ್ನು ಕೇಳಿದರೆ ಪೆಟ್ಟಿಗೆ ಹೊತ್ತೇಬಿಡುತ್ತಾರೆ. ಕಲ್ಯಾಣದಲ್ಲಿ ಇಳಿ. ಯಾವ ದಿನ ಹೊರಡುತ್ತೀ ಎಂದು ಮೊದಲೇ ಒಂದು ಕಾರ್ಡು ಹಾಕು, ಅಲ್ಲಿ ನಾನು ನಿಂತಿರುತ್ತೇನೆ. ಆದರೆ ನನ್ನನ್ನು ಹುಡುಕಬೇಡ. ಬೋರ್ಡು ಓದು, ಕಲ್ಯಾಣ ಎಂದಿದ್ದರೆ ಇಳಿ. ಆಮೇಲೆ ನಾನು ಕಂಡರೆ ಸರಿ. ಕಾಣದಿದ್ದರೆ ಲೋಕಲ್ ಹಿಡಿದು ಮನೆಗೆ ಹೋಗಿ ಅತ್ತಿ ಕೈಯ ಚಹಾ ಕುಡಿ, ನಾನು ಹಿಂದಿನಿಂದ ಬರುತ್ತೇನೆ.

ಇಪ್ಪತ್ತನಾಲ್ಕನೇ ತಾರೀಖು ಪರೀಕ್ಷೆಗೆ ನೀನೊಬ್ಬಳೇ ಹೋಗು ಅಥವಾ ಕಲ್ಲವ್ವನ ಜೊತೆ ಹೋಗು, ನಿನ್ನ ಇಷ್ಟ. ನಾನು ಬರುತ್ತೇನೆ ಎಂದು ಹೇಳುವ ಮುಖ ನನಗೆ ಉಳಿದಿಲ್ಲ. ಬರುವುದೇ ಇಲ್ಲ ಎಂದು ನೀನು ತೀರ್ಮಾನಿಸಿದರೆ ಅದನ್ನಾದರೂ ನಾಲ್ಕು ಅಕ್ಷರ ನಿನ್ನ ಕೈಯಿಂದಲೇ ಬರೆ, ಮಾಸ್ತರರ ಕೈಯಿಂದ ಬರೆಸಬೇಡ. ಆದರೆ ಟೈಪು ಕಲಿತ ಬೆರಳು ನನ್ನ ಸಲುವಾಗಿ ಕಂಡಿಕೆ ಸುತ್ತುವುದು ಬೇಡ ತಂಗೀ.

ಅಕ್ಕನಿಗೆ ನಮಸ್ಕಾರ. ಓಣಿಯ ಹಿರಿಯರಿಗೂ.

ಇಂತಿ, ನಿನ್ನ ದಾರಿ ಕಾಯುವ ಮಾವ,
ಅಮೃತಪ್ಪ

ತಾ.ಕ.: ರತ್ನಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಪತ್ರ ಮುಗಿಯಿತು ಎಂದು ಅಕ್ಕನಿಗೆ ಹೇಳಿ, ಮಗ್ಗ ಶುರುವಾದ ಮೇಲೆ ಒಬ್ಬಳೇ ಓದು.

ನಾನು ಪರೀಕ್ಷೆ ಮಾಡಲಿಲ್ಲ. ನನಗೆ ಗಾಡಿ ಹತ್ತಲು ಆಗಲಿಲ್ಲ.

ಜೂನ್ ತಿಂಗಳಲ್ಲಿ, ಮೊದಲ ಮಳೆಯ ದಿನ, ನಾನು ಎಂದಿನಂತೆ ಬಾಗಿಲಲ್ಲಿ ಜೋತುಬಿದ್ದಿದ್ದೆ. ಸರಳು ಒದ್ದೆಯಾಗಿತ್ತು. ಮುಂಬ್ರಾ ದಾಟಿದ ಮೇಲೆ ಕೈ ಜಾರಿತು. ಸೈದಪ್ಪ ಕಾಲರ್ ಹಿಡಿದು ಒಳಗೆ ಎಳೆದ. ಅಂಗಿ ಹರಿಯಿತು, ಮೊಳೆಗೆ ಸಿಕ್ಕಿತು ಎಂದು ನಿನ್ನ ಅತ್ತಿಗೆ ಹೇಳಿದೆ. ಅವತ್ತಿನಿಂದ ಗದ್ದಲದ ಗಾಡಿ ಬಂದು ಎದುರಿಗೆ ನಿಂತರೆ ನನ್ನ ಕಾಲು ನೆಲ ಬಿಡುವುದಿಲ್ಲ. ನಾನು ದಿನಾ ಬೆಳಿಗ್ಗೆ ಬೇಗ ಹೊರಟು, ಓವರ್‌ಟೈಮು ಎಂದು ಸುಳ್ಳು ಹೇಳಿ, ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಖಾಲಿ ಗಾಡಿಯಲ್ಲಿ ಕೂತು ಬರುತ್ತೇನೆ. ಭಜನಾ ಮಂಡಳಿಯಲ್ಲಿ ಈಗ ತಾಳ ಹೊಡೆಯುವವನು ಬೇರೆ. ಅಂಜುಬುರುಕರ ಕೆಲಸ ಎಂದೆನಲ್ಲ, ಅದನ್ನು ಎರಡು ತಿಂಗಳಿಂದ ಮಾಡುತ್ತಿದ್ದವನೇ ಹಾಗೆಂದದ್ದು. ಅವತ್ತು ನಿನ್ನನ್ನೂ ಕಲ್ಯಾಣಕ್ಕೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ನಿನ್ನ ಮುಂದೆ ಸಣ್ಣವನಾಗಲು ಮನಸ್ಸಾಗಲಿಲ್ಲ.

ನಿನ್ನನ್ನು ಆ ಮರಾಠಿ ಹೆಂಗಸು ಒಳಗೆ ಎಳೆದುಕೊಂಡಾಗ ನಾನು ನನ್ನ ಡಬ್ಬಾದ ಎದುರಿಗೇ ಇದ್ದೆ. ಕೈ ಚಾಚಿದೆ. ಸರಳು ಮುಟ್ಟಿದ್ದೂ ನೆನಪಿದೆ. ಕಾಲು ಏಳಲಿಲ್ಲ. ಹಿಂದಿನವರು ಬೈದು ನನ್ನನ್ನು ಪಕ್ಕಕ್ಕೆ ತಳ್ಳಿ ಹತ್ತಿದರು. ಗಾಡಿ ಚಲಿಸಿದಾಗ ನೀನು ಬಾಗಿಲ ಪಕ್ಕದ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಆಗಲೇ ನನ್ನ ಮುಖ ಹುಡುಕುತ್ತಿದ್ದೆ. ನಾನು ಕೂಗಿದ್ದರೆ ನಿನಗೆ ಕೇಳುತ್ತಿತ್ತು, ಠಾಣಾದಲ್ಲಿ ಇಳಿ ಎಂದರೆ ಸಾಕಿತ್ತು. ನಾನು ನೀರಿನ ನಲ್ಲಿಯ ಹಿಂದೆ ಸರಿದು ನಿಂತೆ. ಹತ್ತಲಾಗದೆ ಉಳಿದ ಮಾವನನ್ನು ನೀನು ನೋಡಬಾರದು ಎಂದು.

ಆಮೇಲೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಕೂತು ಠಾಣಾಕ್ಕೆ ಬಂದೆ. ಪ್ರತಿ ಪ್ಲಾಟ್‌ಫಾರ್ಮಿನಲ್ಲೂ ನಿನ್ನ ಹೆಸರು ಕೂಗಿದೆ. ಒಬ್ಬ ಹಮಾಲ "ಪಾಗಲ್ ಹೋ ಗಯಾ ಕ್ಯಾ ಬುಡ್ಢಾ" ಎಂದ. ಕಂಪನಿಯ ಗೇಟಿಗೆ ಓಡಿದೆ, ನೀನು ಬಂದಿಲ್ಲ ಎಂದರು. ಮತ್ತೆ ಸ್ಟೇಷನ್ನಿಗೆ ಬಂದೆ. ಚಹಾ ಕುಡಿದು ನಗುತ್ತಾ ಕೂತಿದ್ದೆ ಎಂದು ಚಾಳಿನವರಿಗೆ ಹೇಳಿದ್ದು ಸುಳ್ಳು. ಆ ದಿನ ನನ್ನ ಬಾಯಿಗೆ ನೀರೂ ಹೋಗಿಲ್ಲ. ನೀನು ಮೆಟ್ಟಿಲು ಹತ್ತಿ ಬಂದಾಗ ನನಗೆ ಅಳು ಬಂದಿತ್ತು. ಅಷ್ಟು ಜನರ ಮುಂದೆ ಅಳುವುದು ಹೇಗೆಂದು ತಿಳಿಯದೆ ನಕ್ಕುಬಿಟ್ಟೆ. ಬೇಕಂತ ಬಿಟ್ಟ ಮಾವ ಎನ್ನಿಸಿಕೊಳ್ಳುವುದು, ಹತ್ತಲು ಅಂಜಿದ ಮಾವ ಎನ್ನಿಸಿಕೊಳ್ಳುವುದಕ್ಕಿಂತ ಹಗುರ ಎನಿಸಿತ್ತು. ನಿನಗೆ ಯಾವುದು ಭಾರ ಎಂದು ಆಗ ಯೋಚಿಸಲಿಲ್ಲ.

ನಿನ್ನನ್ನು ಯಾರೂ ಬೇಕಂತ ಬಿಡಲಿಲ್ಲ, ರತ್ನಾ. ನಾನು ಉಳಿದುಬಿಟ್ಟೆ, ಅಷ್ಟೇ.

ಇಷ್ಟು ಬರೆದು, ಮಡಚಿ, ಮತ್ತೆ ಬಿಚ್ಚಿದೆ. ಒಬ್ಬಳೇ ಓದು ಎಂದೆನಲ್ಲ, ಅದನ್ನು ಹೊಡೆದುಹಾಕು. ಮಗ್ಗ ನಿಲ್ಲಿಸು. ಅಕ್ಕನನ್ನು ಕರೆದು ಕೂರಿಸಿ ಇದನ್ನೂ ಓದು. ಬಾಗಿಲಲ್ಲಿ ಓಣಿಯವರು ನಿಂತಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ.